ಆಯ್ತು ಅಂದವರ ಎಲೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ತಾಯಿಯ ಸೋದರತ್ತೆ ಹಂಪವ್ವನವರು. ಬಹಳ ಕಾಲ ಮಠದ ಅಡುಗೆಮನೆಯಲ್ಲಿ ಕಾಳು ಹಸನು ಮಾಡುತ್ತಿದ್ದ ಜೀವ ಅದು. ಮೊರ ಕೇರುತ್ತ ಕೇರುತ್ತ, ಮುಖ ಎತ್ತದೆ, ಯಾರಿಗೋ ಹೇಳುವವರ ಹಾಗೆ ಹೇಳುತ್ತಿದ್ದರು. ಕೇಳುವವರು ನಡುವೆ ಬಾಯಿಹಾಕಿ "ಆಮೇಲೆ?" ಅಂದರೆ ಅವರಿಗೆ ಸರಿಬರುತ್ತಿರಲಿಲ್ಲ. "ಅವಸರ ಮಾಡಬೇಡ. ಈ ಕಥೆಯಲ್ಲಿ ಮುಂದೆ ಹೋದಷ್ಟೂ ತಲೆ ತಗ್ಗಿಸಬೇಕಾಗುತ್ತೆ" ಅನ್ನುತ್ತಿದ್ದರು. ನಾನೂ ನಿಧಾನವಾಗಿಯೇ ಹೇಳುತ್ತೇನೆ.

ಕಲ್ಲುಗುಡ್ಡದ ಇಳಿಜಾರಿನಲ್ಲಿ ಒಂದು ಊರು. ಅಲ್ಲಿ ಮಣ್ಣಿಗಿಂತ ಕಲ್ಲು ಹೆಚ್ಚು. ವರ್ಷಕ್ಕೊಂದೇ ಬೆಳೆ, ಜೋಳ. ಅದೂ ಭಗವಂತ ಕಣ್ಣುಬಿಟ್ಟರೆ. ಸೊಪ್ಪು ಗೆಡ್ಡೆ ಬೇಯಿಸಿಕೊಳ್ಳುವಷ್ಟು ಒಲೆ ಎಲ್ಲರ ಮನೆಯಲ್ಲೂ ಇತ್ತು. ಜೋಳ ಮಾತ್ರ ಊರಾಚೆಯ ಬಾವಿಯ ಪಕ್ಕದಲ್ಲಿ ಒಂದೇ ಕೊಪ್ಪರಿಗೆಯಲ್ಲಿ ಬೇಯುತ್ತಿತ್ತು. ಹೊತ್ತು ನೆತ್ತಿಗೆ ಬಂದಾಗ ನುಚ್ಚು ತುಂಬಿದ ಆ ಕೊಪ್ಪರಿಗೆಗೆ ಬಿಳಿಯ ಬಟ್ಟೆ ಮುಚ್ಚಿ, ಪಕ್ಕದಲ್ಲಿ ಬೆಳ್ಳುಳ್ಳಿ ಖಾರದ ಕುಡಿಕೆ ಇಟ್ಟು, ಬಂಡಿಯ ಮೇಲೆ ಊರೊಳಗೆ ತರುತ್ತಿದ್ದರು. ಬಂಡಿಗೆ ಒಂದೇ ಮುದಿ ಎತ್ತು. ಎತ್ತಿನ ಮುಂದೆ ಕೈಗಂಟೆ ಹಿಡಿದು ನಡೆಯುವವನಿಗೆ ಕೇಳುವವನು ಎಂದು ಹೆಸರು. ಕೊಪ್ಪರಿಗೆಯ ಪಕ್ಕ ನಿಲ್ಲುವವಳಿಗೆ ಸೌಟಿನವಳು ಎಂದು ಹೆಸರು. ಅವಳು ಅವನ ಸ್ವಂತ ಅಕ್ಕ.

ಕೇಳುವವನು ಪ್ರತಿ ಬಾಗಿಲಲ್ಲೂ ಗಂಟೆ ಅಲ್ಲಾಡಿಸಿ ಒಂದೇ ಮಾತು ಕೇಳುತ್ತಿದ್ದ: "ಊಟ ಆಯ್ತೇ?"

"ಇಲ್ಲ" ಅಂದವರಿಗೆ, ಅವರು ಎಲ್ಲಿ ಕೂತಿದ್ದಾರೋ ಅಲ್ಲಿ, ಅವರ ಬಾಯಿಂದ "ಸಾಕು" ಅನ್ನುವ ಮಾತು ಬರುವವರೆಗೆ ಬಡಿಸಬೇಕು. "ಆಯ್ತು" ಅಂದವರ ಬಾಗಿಲು ದಾಟಿ ಮುಂದೆ ಹೋಗಬೇಕು. ಕೇಳದೆ ಬಡಿಸುವ ಹಾಗಿಲ್ಲ. ಹೇಳಿದ ಮೇಲೆ ಇನ್ನೊಂದು ಸಲ ಕೇಳುವ ಹಾಗಿಲ್ಲ. ಇದೇ ಆ ಊರಿನ ನೇಮ. ಹಿಂದೆ ಯಾವುದೋ ಬರದಲ್ಲಿ ಒಬ್ಬರ ಮಡಕೆಯಲ್ಲಿ ಇನ್ನೊಬ್ಬರು ಇಣುಕಿ, ಒಬ್ಬರ ಹೊಟ್ಟೆ ಇನ್ನೊಬ್ಬರು ಒತ್ತಿ ನೋಡಿ, ಊರು ಹೊಡೆದಾಡಿಕೊಂಡಿತ್ತಂತೆ. ಆಗ ಹಿರಿಯರು ಕೂತು, ಹೊಟ್ಟೆಯ ಮಾತನ್ನು ಯಾರೂ ಅನುಮಾನಿಸಬಾರದು ಎಂದು ದೇವರ ಮುಂದೆ ಎಣ್ಣೆದೀಪ ಮುಟ್ಟಿ ಕಟ್ಟು ಮಾಡಿದರು. ಹೊಟ್ಟೆಯ ವಿಷಯದಲ್ಲಿ ಸುಳ್ಳಾಡಿದವನ ಬಾಗಿಲಿಗೆ ಗಂಟೆ ಮತ್ತೆ ಬಾರದು. ಅವನ ಮಕ್ಕಳ ಬಾಗಿಲಿಗೂ ಬಾರದು.

ಹಾಗಾಗಿ ಆ ಊರಲ್ಲಿ ಹಸಿವು ಹೇಳಿಕೊಳ್ಳಲು ಯಾರಿಗೂ ನಾಚಿಕೆ ಇರಲಿಲ್ಲ. ಊರಿನ ಹಿರಿಯನೇ ಜಗುಲಿಯ ಮೇಲೆ ಬಟ್ಟಲು ಕುಟ್ಟುತ್ತ, "ಇಲ್ಲ ಕಣಯ್ಯ, ನಿನ್ನೆಯಿಂದ ನಿನ್ನ ಎತ್ತಿನ ಬಾಲವನ್ನೇ ಕಾಯ್ತಾ ಕೂತಿದ್ದೀನಿ. ತೆಳ್ಳಗಿರೋದು ಬೇಡ, ತಳದ್ದು ಹಾಕಿಸು" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಮ್ಮೂರಲ್ಲಿ ಹಸಿವು ಸುಳ್ಳು ಹೇಳೋದಿಲ್ಲ ಎಂಬುದು ಅವರ ಹೆಮ್ಮೆ.

ಹೊಳೆಯಾಚೆ ಒಂದು ನಾಡಿತ್ತು. ಒಂದು ಕಾಲದಲ್ಲಿ ಅಲ್ಲಿನ ಆಕಾಶ ಹಗಲೆಲ್ಲ ಕೆಂಪಗಿರತೊಡಗಿತು. ಆಮೇಲೆ ಅಲ್ಲಿನ ಜನ ಹೊಳೆ ದಾಟಿ ಬಂದರು. ಒಬ್ಬರ ಹಿಂದೆ ಒಬ್ಬರು, ತಲೆಯ ಮೇಲೆ ತಮ್ಮ ತಮ್ಮ ಮನೆಯ ಹೊಸ್ತಿಲು ಹೊತ್ತುಕೊಂಡು ಬಂದರು. ಬೇರೇನೂ ಉಳಿದಿರಲಿಲ್ಲ. ಬಾವಿಗೂ ಊರಿಗೂ ನಡುವೆ ಸುಗ್ಗಿ ಮುಗಿದು ಖಾಲಿಬಿದ್ದಿದ್ದ ಕಣದಲ್ಲಿ ಆ ಹೊಸ್ತಿಲುಗಳನ್ನು ಸಾಲಾಗಿ ಇಳಿಸಿದರು. ಗೋಡೆಯಿಲ್ಲ, ಸೂರಿಲ್ಲ, ಬಾಗಿಲಿಲ್ಲ. ಹೊಸ್ತಿಲಿಗೆ ಅರಿಸಿನ ಬಳಿದು ಅದರ ಹಿಂದೆ ಮನೆಯೊಳಗೆ ಕೂತವರ ಹಾಗೆ ಕೂತರು.

ಊರು ಕಟ್ಟೆಯ ಮೇಲೆ ಸೇರಿತು. ಆ ವರ್ಷ ಜೋಳದ ತೆನೆ ಅರ್ಧ ಜೊಳ್ಳು.

"ಎಲ್ಲರಿಗೂ ಒಂದೊಂದು ಸೌಟು ಹಾಕಿಬಿಡೋಣ" ಅಂದರು ಕೆಲವರು.

"ಎಲ್ಲರಿಗೂ ಹಾಕಿದರೆ ನಮಗೆ ಉಳಿಯೋದು ಕೊಪ್ಪರಿಗೆ ತೊಳೆದ ನೀರು" ಅಂದರು ಇನ್ನು ಕೆಲವರು. "ಅವರಲ್ಲೂ ಗಂಟಿನಲ್ಲಿ ಕಟ್ಟಿಕೊಂಡು ಬಂದವರು ಇರ್ತಾರೆ. ಇದ್ದವರಿಗೂ ಹಾಕಿ ಇಲ್ಲದವರಿಗೂ ಹಾಕಿ, ಕೊನೆಗೆ ಯಾರಿಗೂ ಸಾಲದ ಹಾಗೆ ಮಾಡೋದು ಯಾವ ನ್ಯಾಯ?"

ಕೊನೆಗೆ ಹಿರಿಯ ಹೇಳಿದ: "ಹಸಿದವರಿಗೆ ಮಾತ್ರ ಹೋಗಲಿ. ಯಾರು ಹಸಿದಿದ್ದಾರೆ ಅಂತ ನಾವು ಹೇಳೋದು ಬೇಡ, ಅವರ ಬಾಯಲ್ಲೇ ಬರಲಿ. ನಮಗೆ ಯಾವ ನೇಮವೋ ಅವರಿಗೂ ಅದೇ. ಕಣ ದಾರಿಯಲ್ಲೇ ಇದೆ, ಬಂಡಿ ಮೊದಲು ಅಲ್ಲಿ ನಿಲ್ಲಲಿ."

ಎಲ್ಲರೂ ತಲೆದೂಗಿದರು. ಆ ತೀರ್ಮಾನದಲ್ಲಿ ಕೂದಲೆಳೆಯಷ್ಟು ಅಧರ್ಮವನ್ನೂ ಯಾರೂ ತೋರಿಸುವಂತಿರಲಿಲ್ಲ.

ಮರುದಿನ ಕೇಳುವವನು ಕಣದ ಮೊದಲ ಹೊಸ್ತಿಲ ಮುಂದೆ ಗಂಟೆ ಅಲ್ಲಾಡಿಸಿದ. ಅಲ್ಲಿ ಒಬ್ಬ ಮುದುಕ ಮತ್ತು ಅವನ ಹೆಂಡತಿ, ಅವರ ಹಿಂದೆ ಕೂಸನ್ನೆತ್ತಿಕೊಂಡ ಸೊಸೆ. ಹೊಸ್ತಿಲ ಪಕ್ಕದಲ್ಲಿ ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಹಚ್ಚಿ, ಗಾಳಿಗೆ ಹಾರದಂತೆ ಕಲ್ಲು ಹೇರಿ ಇಟ್ಟಿದ್ದರು. ಕೂತು ಬೇಸರ ಕಳೆಯಲು ಹಚ್ಚಿದ್ದಾರೆ ಅಂದುಕೊಂಡ.

"ಊಟ ಆಯ್ತೇ?"

ಮುದುಕ ಎದ್ದು ನಿಂತ. ಒದ್ದೆ ಕೈಗಳನ್ನು ಪಂಚೆಗೆ ಒರೆಸಿಕೊಂಡು ಮುಗಿದ. "ಆಯ್ತಪ್ಪಾ, ಈಗ ತಾನೇ ಕೈ ತೊಳೆದ್ವಿ. ನಿಮ್ಮದಾಯ್ತೇ?"

ಕೇಳುವವನು ಕೊಪ್ಪರಿಗೆ ಬಾವಿಯಿಂದ ಹೊರಡುವ ಮೊದಲೇ ಉಂಡಿರುತ್ತಿದ್ದ, ಅದು ಅವನ ಕೆಲಸದ ಹಕ್ಕು. "ಆಯ್ತು" ಅಂದ.

"ಸಂತೋಷ" ಅಂದ ಮುದುಕ. ಆದರೆ ಕೂರಲಿಲ್ಲ. ಏನೋ ಇನ್ನೂ ನಡೆಯಬೇಕಾಗಿದೆ ಎಂಬಂತೆ ನಗುಮುಖದಲ್ಲಿ ನಿಂತೇ ಇದ್ದ. ಕೇಳುವವನು ಮುಂದಿನ ಹೊಸ್ತಿಲಿಗೆ ಹೋದ. ಅಲ್ಲೂ "ಆಯ್ತು, ನಿಮ್ಮದು?" ಅದರ ಮುಂದೆಯೂ "ಆಯ್ತು, ನಿಮ್ಮದು?" ಸಾಲಿನ ಕೊನೆಯವರೆಗೂ ಅದೇ ಮಾತು, ಅದೇ ಒದ್ದೆ ಕೈ, ಅದೇ ನಿಂತ ನಿಲುವು. ಬಂಡಿ ಕಣ ದಾಟುವಾಗ ಅವನು ಹಿಂತಿರುಗಿ ನೋಡಿದ. ಅವರಿನ್ನೂ ನಿಂತೇ ಇದ್ದರು.

ಆ ಜನರ ಮಾತೂ ಈ ಊರಿನ ಮಾತೂ ಒಂದೇ. ಕೆಡಿಸಿದ್ದೇ ಅದು. ಮಾತು ಬೇರೆಯಾಗಿದ್ದರೆ, ಏನಂದರು ಎಂದು ಯಾರಾದರೂ ಇನ್ನೊಂದು ಸಲ ಕೇಳುತ್ತಿದ್ದರೋ ಏನೋ.

"ಎಲ್ಲರದ್ದೂ ಆಗಿದೆಯಂತೆ" ಎಂದು ಕೇಳುವವನು ಕಟ್ಟೆಯ ಮುಂದೆ ಹೇಳಿದಾಗ ಊರು ಉಸಿರು ಬಿಟ್ಟಿತು. ಅಂದು ಎಲ್ಲರಿಗೂ ಬಡಿಸಿ ಕೊಪ್ಪರಿಗೆಯಲ್ಲಿ ಇನ್ನೂ ಉಳಿದಿತ್ತು. ಕೇಳುವವನ ಪುಟ್ಟ ಮಗಳು ತಳದ ಸೀದ ಚಕ್ಕೆಯನ್ನು ಹಟಮಾಡಿ ಎಬ್ಬಿಸಿಕೊಂಡು ತಿಂದಳು. ಬರಬರುತ್ತ ಅವಳ ಕೆನ್ನೆಗೆ ಕಳೆ ಬಂತು.

ಹೀಗೇ ದಿನಗಳು ಹೋದವು. ಬಂಡಿ ಕಣಕ್ಕೆ ಬರುವುದು, ಗಂಟೆ ಅಲುಗುವುದು. "ಊಟ ಆಯ್ತೇ?" "ಆಯ್ತು, ನಿಮ್ಮದು?" "ಆಯ್ತು." ಬಂಡಿ ಹೋಗುವುದು.

ಒಂದು ದಿನ ಮುದುಕ ಪ್ರೀತಿಯಿಂದ ಅವನ ಕೈ ಹಿಡಿದುಕೊಂಡ. ಮುಂದೆ ಹೋದ ಮೇಲೆ ಕೇಳುವವನು ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದ. ಬೆಳ್ಳುಳ್ಳಿ ಖಾರ ಕಲಸಿ ಉಂಡ ಕೈ ಎಷ್ಟು ತೊಳೆದರೂ ಸಂಜೆವರೆಗೆ ವಾಸನೆ ಬಿಡುವುದಿಲ್ಲ. ಸೊಪ್ಪು ತಿಂದ ಕೈಗೂ ಅದರದೇ ಹಸಿ ವಾಸನೆಯಿರುತ್ತದೆ. ಮುದುಕನ ಕೈ ಹಿಡಿದ ಜಾಗದಲ್ಲಿ ಹೊಳೆಯ ವಾಸನೆ ಮಾತ್ರ ಇತ್ತು. ಅವನು ತಲೆಯೆತ್ತಿ ಕಣವನ್ನು ನೋಡಿದ. ಯಾವ ಹೊಸ್ತಿಲ ಹಿಂದೆಯೂ ಹೊಗೆ ಇರಲಿಲ್ಲ.

ಅವನಿಗೆ ಗೊತ್ತಾಯಿತು. ಆದರೆ ಗೊತ್ತಾದದ್ದನ್ನು ಅವನು ಬಾಯಲ್ಲಿ ಹೇಳಿಕೊಳ್ಳಲಿಲ್ಲ. ಗಂಟೆ ಹಿಡಿದ ಕೈಯನ್ನು ಪಂಚೆಗೆ ಒರೆಸಿಕೊಂಡ.

ಅಕ್ಕ ಬಂಡಿಯ ಮೇಲಿಂದ ನೋಡುತ್ತಿದ್ದಳು. "ಏನೋ ತಮ್ಮಾ, ಕೈ ಮೂಸ್ತಾ ಇದ್ದೀಯ? ಏನು ಸಿಕ್ತು?"

"ಏನಿಲ್ಲ."

"ಏನೂ ಇಲ್ಲ ಅನ್ನೋದೇ ಸಿಕ್ಕಿರಬೇಕು."

"ನಿಂಗೆ ಗೊತ್ತಿದ್ದರೆ ನೀನೇ ಹೇಳಕ್ಕ."

"ನನ್ನದು ಸೌಟು ಕಣಪ್ಪ. ಬಾಯಿ ನಿಂದು" ಅಂದು ಅವಳು ಬಟ್ಟೆಯ ಅಂಚನ್ನು ಇನ್ನೂ ಬಿಗಿಯಾಗಿ ಸಿಕ್ಕಿಸಿದಳು.

ಹೊಳೆಯ ದಾರಿಯಲ್ಲಿ ಅವನಿಗೆ ಮೇಲೂರಿನ ಕೇಳುವವನು ಸಿಕ್ಕಿದ. ಅವನೂ ಗಂಟೆಯವನೇ. ಅವರ ಊರಿನ ನೇಮವೂ ಇದೇ. ಅವರ ಬಂಡಿ ಬೆಳಗಿನ ಹೊತ್ತು ಕಣಕ್ಕೆ ಬಂದು ಹೋಗುತ್ತಿತ್ತು.

"ನಿಮ್ಮೂರಿನವರು ಪುಣ್ಯವಂತರಪ್ಪ" ಅಂದ ಮೇಲೂರಿನವನು. "ನಾನು ಹೋಗೋ ಹೊತ್ತಿಗೇ ಎಲ್ಲರದ್ದೂ ಆಗಿರುತ್ತೆ. ಅಷ್ಟು ಬೇಗ ಏಳ್ತಾಳಾ ನಿಮ್ಮಕ್ಕ?"

ಕೇಳುವವನು ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡ. "ನಾವು ಹಾಕಿಲ್ಲ. ನಾನು ನೀವು ಹಾಕ್ತಿದ್ದೀರಿ ಅಂದುಕೊಂಡಿದ್ದೆ."

ಮೇಲೂರಿನವನು ಹೊಳೆ ಹರಿದುಹೋಗುವ ದಿಕ್ಕಿಗೆ ನೋಡಿದ. ಆಮೇಲೆ, "ಹಂಗಾದರೆ ಕೆಳಗಿನೂರಿನವರು ಹಾಕ್ತಿರಬೇಕು, ಅಲ್ವಾ?"

"ಕೆಳಗಿನೂರಲ್ಲಿ ಹೋದ ವರ್ಷದಿಂದ ಒಲೆಯೇ ಹಚ್ಚಿಲ್ಲ."

"ಯಾರೋ ಒಬ್ಬರು ಹಾಕ್ತಿರಬೇಕು" ಅಂದ ಮೇಲೂರಿನವನು. "ಹಾಗೇ ಅಂದುಕೊಳ್ಳೋಣ" ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಬೇರೆ ದಾರಿ ಹಿಡಿದರು.

ಮರುದಿನ ಮೊದಲ ಹೊಸ್ತಿಲ ಹಿಂದೆ ಮುದುಕ ಎದ್ದು ನಿಲ್ಲಲಿಲ್ಲ. ಅವನ ಜಾಗ ಖಾಲಿಯಿತ್ತು.

"ಅಜ್ಜ ಎಲ್ಲಿ?"

ಮುದುಕಿ ಹೊಳೆಯ ಕಡೆ ನೋಡಿದಳು. "ಅವರದೂ ಆಯ್ತಪ್ಪ" ಅಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, ತಪ್ಪಬಾರದು ಎಂಬಂತೆ, "ನಿಮ್ಮದಾಯ್ತೇ?" ಎಂದು ಕೇಳಿದಳು.

ಅವತ್ತು ಕೇಳುವವನು ಕಟ್ಟೆಗೆ ಹೋಗಿ ಹಿರಿಯನ ಪಕ್ಕದಲ್ಲಿ ಕೂತ. "ಕಣದವರದು ಆಗಿಲ್ಲ" ಅಂದ.

"ಹಾಗಂತ ಅವರು ಹೇಳಿದರಾ?"

"ಇಲ್ಲ. ಆಯ್ತು ಅಂತಲೇ ಹೇಳ್ತಾರೆ."

"ಆಯ್ತು ಅಂದವರ ಪರವಾಗಿ ಇಲ್ಲ ಅನ್ನೋಕೆ ನೀನು ಯಾರು? ಇವತ್ತು ಅವರ ಮಾತು ಸುಳ್ಳು ಅನ್ನು, ನಾಳೆ ನನ್ನ ಮಡಕೆಗೆ ಇಣುಕು. ಆಮೇಲೆ ಊರು ಹೊಡೆದಾಡಲಿ."

"ಅಲ್ಲೊಂದು ಕೂಸಿದೆ. ಅದರ ಅಳು ದಿನದಿನಕ್ಕೆ ಸಣ್ಣದಾಗ್ತಾ ಇದೆ."

ಹಿರಿಯ ಕೋಲಿನಿಂದ ನೆಲ ಕೆರೆಯುತ್ತ ಕೂತ. ಆಮೇಲೆ ಬಹಳ ಮೆಲ್ಲಗೆ ಹೇಳಿದ: "ನನಗೂ ಗೊತ್ತು ಕಣಯ್ಯ. ಊರಿಗೆಲ್ಲ ಗೊತ್ತು. ಗೊತ್ತಿದೆ ಅಂತ ಬಾಯಿಬಿಟ್ಟರೆ ಬಡಿಸಬೇಕಾಗುತ್ತೆ. ಹಗೇವಿನಲ್ಲಿ ಜೋಳ ಎಷ್ಟಿದೆ ಅಂತ ನೋಡಿದ್ದೀಯಲ್ಲ. ನಿನ್ನ ಮಗಳ ಮುಖ ನೋಡಿಕೊಂಡು ಸುಮ್ಮನಿರು."

ಅವನು ಮನೆಗೆ ಹೋಗಿ ಮಗಳ ಮುಖ ನೋಡಿದ. ತುಂಬಿದ ಕೆನ್ನೆ. ಮುದ್ದಿಸಲು ಕೈ ಚಾಚಿದವನು ಹಿಂದಕ್ಕೆಳೆದುಕೊಂಡ. ದೇವರ ಮುಂದೆ ದೀಪ ಹಚ್ಚಿದ, ಆದರೆ ಏನು ಬೇಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಕಣದವರಿಗೆ ಅನ್ನ ಕೊಡು ಎಂದು ಬೇಡಲು ಬಾಯಿ ಬರಲಿಲ್ಲ. ಶಿವ ಅದನ್ನು ಕೊಪ್ಪರಿಗೆ ತುಂಬ ಕೊಟ್ಟು ದಿನವೂ ಅವರ ಮುಂದೆಯೇ ಕಳಿಸುತ್ತಿದ್ದನಲ್ಲ.

ಮಾರನೆಯ ಮಧ್ಯಾಹ್ನ ಬಂಡಿ ಕಣದಲ್ಲಿ ನಿಂತಿತು. ಸೊಸೆ ಹೊಸ್ತಿಲ ಮೇಲೆ ಕೈಯೂರಿ ಕೂತಿದ್ದಳು. ಕೂಸು ಅಳುತ್ತಿರಲಿಲ್ಲ. ತಾಯಿಯ ಒದ್ದೆ ಬೆರಳನ್ನು ಬಾಯಲ್ಲಿಟ್ಟುಕೊಂಡಿತ್ತು.

"ಊಟ ಆಯ್ತೇ?" ಅಂದ ಕೇಳುವವನು.

"ಆಯ್ತಣ್ಣ" ಅಂದಳು ಸೊಸೆ.

"ಕೂಸಿನದು?"

ಸೊಸೆ ಮುಖ ಆಚೆ ತಿರುಗಿಸಿದಳು. ಮುದುಕಿ ನಗುವ ಪ್ರಯತ್ನ ಮಾಡಿದಳು. "ಅದಕ್ಕಿನ್ನೂ ಮರ್ಯಾದೆ ತಿಳಿಯದಪ್ಪ. ಆಯ್ತು ಅನ್ನೋಕೆ ಬರೋದಿಲ್ಲ. ಕಲಿಸ್ತೀವಿ." ಆಮೇಲೆ ದಿನದ ಹಾಗೇ ಕೈಮುಗಿದಳು. "ನಿಮ್ಮದಾಯ್ತೇ?"

ಅಷ್ಟು ದಿನ ಆ ಮಾತಿಗೆ ಅವನು ನಿಜವನ್ನೇ ಹೇಳಿದ್ದ. ತುಂಬಿದ ಹೊಟ್ಟೆಯಿಂದ "ಆಯ್ತು" ಅಂದಿದ್ದ. ಅವತ್ತೂ ಉಂಡು ಬಂದಿದ್ದ. ನಾಲಿಗೆಯ ಮೇಲೆ ಖಾರದ ಉರಿ ಇನ್ನೂ ಇತ್ತು.

"ಇಲ್ಲ ಅಜ್ಜಿ" ಅಂದ. "ನನ್ನದಾಗಿಲ್ಲ."

ಬಂಡಿಯ ಮೇಲೆ ಅಕ್ಕನ ಕೈಯ ಸೌಟು ಕೊಪ್ಪರಿಗೆಯ ಅಂಚಿಗೆ ತಗುಲಿ ಸದ್ದಾಯಿತು. ಆ ಊರಿನವರೊಬ್ಬರು ಹೊಟ್ಟೆಯ ವಿಷಯದಲ್ಲಿ ಸುಳ್ಳಾಡಿದ್ದು ಅದೇ ಮೊದಲು. ಕೇಳುವವನು ಗಂಟೆಯನ್ನು ನೆಲಕ್ಕಿಟ್ಟು, ಹೊಸ್ತಿಲು ದಾಟಿ, ಮುದುಕನ ಖಾಲಿ ಜಾಗದ ಪಕ್ಕದಲ್ಲಿ ಕೂತ.

ಮುದುಕಿಯ ಮುಖವೆಲ್ಲ ಕರುಣೆಯಾಯಿತು. "ಅಯ್ಯೋ ಮಗನೇ, ಇಷ್ಟು ಬಾಯಿಬಿಟ್ಟು ಹೇಳಬೇಕಾದರೆ ಎಷ್ಟು ದಿನದ ಹಸಿವಿರಬೇಕು" ಎನ್ನುತ್ತ ಕಲ್ಲೆತ್ತಿ, ಹಚ್ಚಿಟ್ಟಿದ್ದ ಎಲೆಗಳಲ್ಲಿ ಒಂದನ್ನು ತೆಗೆದು, ನೀರು ಚಿಮುಕಿಸಿ ಅವನ ಮುಂದೆ ಹಾಕಿದಳು. ಹಾಕಿ, ಎಲೆಗೆ ಏನು ಬಡಿಸುವುದೆಂದು ತಿಳಿಯದೆ ನಿಂತಳು.

"ಅಕ್ಕಾ, ಇಲ್ಲ ಅಂದಿದ್ದೀನಿ. ಬಡಿಸು" ಅಂದ ಕೇಳುವವನು.

ಅಕ್ಕ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಿಳಿಯ ಬಟ್ಟೆ ಎಳೆದು ಹಾಕಿದಳು. ಹಬೆ ಎದ್ದಿತು. ಬೆಳ್ಳುಳ್ಳಿಯ ವಾಸನೆ ಸಾಲಿನ ಕೊನೆಯ ಹೊಸ್ತಿಲವರೆಗೂ ಹೋಯಿತು.

"ಒಬ್ಬನೇ ಉಣ್ಣಲಾರೆ ಅಜ್ಜಿ."

"ನಮ್ಮಲ್ಲೂ ಬಂದವರನ್ನ ಒಬ್ಬರನ್ನೇ ಉಣ್ಣೋಕೆ ಬಿಡೋದಿಲ್ಲಪ್ಪ" ಅಂದಳು ಮುದುಕಿ. ತಾನೂ ಎಲೆ ಹಾಕಿಕೊಂಡಳು, ಸೊಸೆಗೂ ಹಾಕಿದಳು. ಪಕ್ಕದ ಹೊಸ್ತಿಲಿನವರೂ ಬಂದವನಿಗೆ ಜೊತೆಯಾಗಬೇಕೆಂದು ಎಲೆ ಹಿಡಿದು ಬಂದರು, ಅವರ ಪಕ್ಕದವರೂ ಬಂದರು. ಅಕ್ಕ ಕೇಳುವವನ ಎಲೆಗೆ ಬಡಿಸಿದಳು. ಅವನು ಅದನ್ನು ಪಕ್ಕದ ಎಲೆಗೆ ಸರಿಸಿ "ಇನ್ನೂ" ಅಂದ. ಮತ್ತೆ ಬಡಿಸಿದಳು. ಮತ್ತೆ ಸರಿಸಿ "ಇನ್ನೂ" ಅಂದ.

"ಬಸುರಿಯ ಬಯಕೆಗೂ ಒಂದು ಮಿತಿ ಇರುತ್ತೆ ಕಣೋ" ಅಂದಳು ಅಕ್ಕ. ಅವಳ ಕಣ್ಣಿಂದ ನೀರು ಹರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಸೊಸೆ ನುಚ್ಚಿನ ತಿಳಿಯಲ್ಲಿ ಬೆರಳದ್ದಿ ಕೂಸಿನ ಬಾಯಿಗಿಟ್ಟಳು. ಕೂಸು ಬೆರಳನ್ನು ಬಿಡಲಿಲ್ಲ. ಕೇಳುವವನು "ಸಾಕು" ಅನ್ನಲೇ ಇಲ್ಲ. ಅವನು "ಸಾಕು" ಅನ್ನುವವರೆಗೆ ಬಂಡಿ ಅಲುಗುವಂತಿರಲಿಲ್ಲ.

ಹೊತ್ತು ಇಳಿಯಿತು. ಗಂಟೆ ಕೇಳಿಸದ ಊರು ಬಟ್ಟಲು ಹಿಡಿದು ಕಣಕ್ಕೆ ಇಳಿದು ಬಂತು. ಮುಂದೆ ಹಿರಿಯ, ಅವನ ಹಿಂದೆ ಸಿಟ್ಟಿನಲ್ಲಿ ಎಲ್ಲರೂ. ಬಂದವರು ನೋಡಿದರು. ಎಲೆಗಳ ಸಾಲು, ಬಗ್ಗಿದ ಬೆನ್ನುಗಳು, ಎಲುಬು ಎದ್ದ ಕೈಗಳು ಎಲೆಯಿಂದ ಬಾಯಿಗೆ ಹೋಗುತ್ತಿದ್ದ ವೇಗ. ಅಷ್ಟೂ ದಿನ "ಆಯ್ತು" ಅಂದವರು ಉಣ್ಣುವುದನ್ನು ಅವರು ಕಣ್ಣಾರೆ ನೋಡಿದ್ದು ಆಗಲೇ.

ಮುದುಕಿ ಎದ್ದು ಬಂದಳು. ಉಂಡ ಕೈಯನ್ನು ಹಿಂದೆ ಹಿಡಿದುಕೊಂಡು, ಮನೆಗೆ ಬಂದ ನೆಂಟರನ್ನು ಕೇಳುವ ಹಾಗೆ ಕೇಳಿದಳು: "ಬನ್ನಿ, ಬನ್ನಿ. ನಿಮ್ಮದೆಲ್ಲ ಊಟ ಆಯ್ತೇ?"

ಹಿರಿಯ ಬಟ್ಟಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. "ಆಯ್ತಮ್ಮ" ಅಂದ. ಅವನ ಹಿಂದಿನವರೂ ಬಟ್ಟಲು ಮರೆಮಾಡಿದರು. "ಆಯ್ತು." "ನಮ್ಮದೂ ಆಯ್ತು." ಬೆಳಗಿನಿಂದ ಬರಿಹೊಟ್ಟೆಯಲ್ಲಿದ್ದ ಊರು, ಹಸಿವನ್ನು ಎಂದೂ ಮುಚ್ಚಿಡದ ಊರು, ಒಬ್ಬರಾದ ಮೇಲೆ ಒಬ್ಬರಂತೆ ತಲೆ ತಗ್ಗಿಸಿ "ಆಯ್ತು" ಅಂದಿತು.

ಮುದುಕಿ ಹೋಗಿ ಎಲೆಗಳ ಕಟ್ಟನ್ನು ತಂದು ಅವರ ಮುಂದೆ ಸಾಲಾಗಿ ಹಾಕತೊಡಗಿದಳು.

"ಆಯ್ತು ಅಂದೆವಲ್ಲಮ್ಮ" ಅಂದ ಹಿರಿಯ.

"ಅಂದಿರಿ. ಅದಕ್ಕೇ ಹಾಕ್ತಿದ್ದೀನಿ" ಅಂದಳು ಮುದುಕಿ. "ಬಾಗಿಲಲ್ಲಿ ನಿಂತವರ ಮುಂದೆ ಹಸಿವು ಅಂತ ಯಾರು ಬಾಯಿಬಿಡ್ತಾರೆ? ಆಯ್ತು ಅಂದವರಿಗೇ ನಮ್ಮಲ್ಲಿ ಮೊದಲು ಎಲೆ ಹಾಕೋದು. ಕೇಳೋದು ಒಂದು ಮರ್ಯಾದೆ, ಆಯ್ತು ಅನ್ನೋದು ಒಂದು ಮರ್ಯಾದೆ. ಆಮೇಲೆ ಕೈಹಿಡಿದು ಕೂರಿಸೋದು."

ಹಿರಿಯ ಕೋಲನ್ನು ಕೆಳಗಿಟ್ಟ. "ಹಾಗಾದರೆ ಇಷ್ಟು ದಿನ ನಾವು ಬಂದು ಕೇಳಿದಾಗ..."

"ಎಲೆ ಹಚ್ಚಿಟ್ಟುಕೊಂಡು ಕಾಯ್ತಾ ಇದ್ದೆವು. ನೀವು ಕೇಳಿ, ಹಾಗೇ ಹೋಗಿಬಿಡ್ತಿದ್ದಿರಿ. ನಮ್ಮ ಯಜಮಾನರು ಅನ್ನೋರು, ಪಾಪ, ಅವರಲ್ಲೂ ಏನೂ ಇಲ್ಲ ಕಣೇ, ಇಲ್ಲದಿದ್ದರೂ ದಿನಾ ಬಂದು ವಿಚಾರಿಸ್ತಾರಲ್ಲ, ಎಂಥ ಒಳ್ಳೆ ಜನ ಅಂತ. ಮುಚ್ಚಿದ ಕೊಪ್ಪರಿಗೆ ತೆಗೆದು ತೋರಿಸಿ ಅನ್ನೋಕಾಗುತ್ತಾ? ನಿಮಗೆ ನಾಚಿಕೆ ಆಗಬಾರದಲ್ಲ." ಅವಳು ಹಬೆಯಾಡುತ್ತಿದ್ದ ಕೊಪ್ಪರಿಗೆಯತ್ತ ನೋಡಿ ಕಣ್ಣೊರೆಸಿಕೊಂಡಳು. "ಇವತ್ತು ದೇವರು ಕಣ್ಣುಬಿಟ್ಟ. ನಿಮ್ಮೂರಿಗೆ ಕಾಳು ಬಂತು. ಬಂದ ದಿನವೇ ನಮ್ಮ ಹೊಸ್ತಿಲಿಗೆ ತಂದಿರಿ."

ಊರಿನವರು ಸುಮ್ಮನಿದ್ದರೆ ಸಾಕಿತ್ತು, ಅವಳ ಕಣ್ಣಲ್ಲಿ ಅವರು ಒಳ್ಳೆಯವರಾಗಿಯೇ ಉಳಿಯುತ್ತಿದ್ದರು. ಕೇಳುವವನು ಎಲೆಯ ಮುಂದಿನಿಂದ ಎದ್ದ.

"ಅಜ್ಜಿ, ಕಾಳು ಇವತ್ತು ಬಂದದ್ದಲ್ಲ" ಅಂದ. "ದಿನಾ ತುಂಬಿತ್ತು. ಅಜ್ಜ ನನ್ನ ಕೈ ಹಿಡಿದ ದಿನವೂ ತುಂಬಿತ್ತು. ನನಗೆ ಗೊತ್ತಿತ್ತು. ಇವತ್ತೂ ನಾನು ಉಂಡೇ ಬಂದಿದ್ದೆ."

ಮುದುಕಿ ಬಗ್ಗಿ ಎಲೆ ಹಾಕುತ್ತಿದ್ದಳು. ಅವಳ ಕೈ ನಿಂತಿತು. ಬಹಳ ಹೊತ್ತು ನಿಂತಿತು. ಅವಳು ಖಾಲಿ ಜಾಗದ ಕಡೆ ನೋಡಲಿಲ್ಲ, ಅವನ ಕಡೆಯೂ ನೋಡಲಿಲ್ಲ. ಆಮೇಲೆ ಉಳಿದ ಎಲೆಗಳನ್ನೂ ಒಂದೊಂದಾಗಿ ಹಾಕಿ ಮುಗಿಸಿದಳು. ಒಂದನ್ನೂ ತಪ್ಪಿಸಲಿಲ್ಲ.

"ಕೂತುಕೊಳ್ಳಿ" ಅಂದಳು. "ಎಲೆ ಹಾಕಿದ ಮೇಲೆ ಏಳಬಾರದು."

ಊರು ಕೂತಿತು. ತಳದಲ್ಲಿ ಉಳಿದಿದ್ದಕ್ಕೆ ಅಕ್ಕ ನೀರು ಬೆರೆಸಿದಳು. ಎಲ್ಲರಿಗೂ ಒಂದೊಂದು ಹಿಡಿಯೂ ಬರಲಿಲ್ಲ. ಬಂದಷ್ಟು ಗಂಟಲಲ್ಲಿ ಇಳಿಯಲಿಲ್ಲ.

ಸುಳ್ಳಾಡಿದವನ ಬಾಗಿಲನ್ನು ಬಿಡಬೇಕೆಂಬ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಎತ್ತಿದರೆ ಎಲ್ಲರ ಬಾಗಿಲನ್ನೂ ಬಿಡಬೇಕಾಗುತ್ತಿತ್ತು. ಮೇಲೂರಿನ ಬಂಡಿ ಕಣದಲ್ಲಿ ಇವರ ಬಂಡಿಯ ಜೊತೆಯಲ್ಲೇ ನಿಲ್ಲತೊಡಗಿತು. ಆ ವರ್ಷ ಯಾರಿಗೂ ಹೊಟ್ಟೆ ತುಂಬಲಿಲ್ಲ. ಕೇಳುವವನ ಮಗಳ ಕೆನ್ನೆ ಇಳಿಯಿತು. ಕೂಸು ಉಳಿಯಿತು. ಮುದುಕಿ ದಿನವೂ ಅವನಿಗೆ ಎಲೆ ಹಾಕಿದಳು, ನೀರು ಚಿಮುಕಿಸಿದಳು, ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆದರೆ ಬದುಕಿರುವವರೆಗೆ ಅವನನ್ನು "ನಿಮ್ಮದಾಯ್ತೇ?" ಎಂದು ಮಾತ್ರ ಮತ್ತೆ ಕೇಳಲಿಲ್ಲ.

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕೆಂದು ನನ್ನ ಬೇಡಿಕೆ. ಹೇಳುವಾಗ ಊರಿಗೆ ಹೆಸರಿಡಬೇಡಿ, ಇಟ್ಟರೆ ನಾಚಿಕೆ ಆ ಊರಿನವರಿಗೇ ಉಳಿದುಬಿಡುತ್ತದೆ. ಉಂಡಾದ ಮೇಲೆ ಹೇಳಬೇಡಿ, ಉಣ್ಣುವ ಮೊದಲು ಹೇಳಿ.